ಎರಡೋ, ಮೂರೋ, ಎರಡು ಸ್ಪೇಡೋ

ಬ್ರಿಜ್ ಆಡದವರಿಗೆ ಮೊದಲೇ ಒಂದೆರಡು ಮಾತು. ಮೇಜಿನ ಸುತ್ತ ನಾಲ್ವರು. ಎದುರುಬದುರು ಕೂತವರು ಪಾರ್ಟ್ನರು. ಒಬ್ಬೊಬ್ಬರ ಕೈಯಲ್ಲಿ 13 ಎಲೆ. ಆಟಕ್ಕೆ ಮುಂಚೆ ಹರಾಜು: ಯಾವ ಬಣ್ಣ ತುರುಪು, ಎಷ್ಟು ಟ್ರಿಕ್ ಗೆಲ್ಲುತ್ತೇವೆ ಎಂದು. ‘ಎರಡು ಡೈಮಂಡ್’ ಅಂದರೆ ಆರರ ಮೇಲೆ ಎರಡು, ಒಟ್ಟು 8 ಟ್ರಿಕ್. ಹರಾಜಿನಲ್ಲಿ ಎಲ್ಲಕ್ಕಿಂತ ಕೆಳಗಿನದು ಕ್ಲಬ್, ಅದರ ಮೇಲೆ ಡೈಮಂಡ್, ಇವೆರಡೂ ಮೈನರ್. ಹಾರ್ಟ್, ಸ್ಪೇಡ್ ಮೇಜರ್. ತುದಿಯಲ್ಲಿ ತುರುಪೇ ಇಲ್ಲದ ನೋಟ್ರಂಪ್. ಎದುರಾಳಿಯ ಬಿಡ್ ಸೋಲುತ್ತದೆ ಅನಿಸಿದರೆ ‘ಡಬಲ್’, ಆಗ ಸೋಲಿನ ದಂಡ ಏರುತ್ತದೆ. ‘ವಲ್ನರಬಲ್’ ಆದ ಜೋಡಿಗೂ ಸೋತರೆ ದಂಡ ಹೆಚ್ಚು. ಬೋನಸ್ ತರುವ ಮಟ್ಟದ ಬಿಡ್ ‘ಗೇಮ್’. ಕೈಯ ಬಲ ಅಳೆಯಲು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಪಾಯಿಂಟ್. ಪಾರ್ಟ್ನರಿಗೆ ಹೇಳಬೇಕಾದ್ದನ್ನೆಲ್ಲ ಬಿಡ್‌ನಲ್ಲೇ ಹೇಳಬೇಕು. ಕೆಮ್ಮುವುದು, ಹುಬ್ಬು ಹಾರಿಸುವುದು ಮೋಸ. ಆದ್ದರಿಂದ ಜೊತೆಯಾಗಿ ಆಡುವವರು ಯಾವ ಬಿಡ್‌ಗೆ ಏನರ್ಥ ಎಂದು ಮುಂಚೆಯೇ ಕೂತು ತೀರ್ಮಾನಿಸಿಕೊಳ್ಳುತ್ತಾರೆ. ಇದು ಹಾಗೆ ಕೂತ ಮಾವ-ಸೊಸೆಯ ಮಾತು.

ಸೊಸೆ: ಮಾವ, ನೀವು ಒಂದು ಡೈಮಂಡ್ ಅಂದಿರಿ ಅಂತಿಟ್ಟುಕೊಳ್ಳಿ. ನನ್ನ ಬಲಗಡೆಯವರು ಒಂದು ಸ್ಪೇಡ್ ಅಂತ ಮಧ್ಯೆ ಬಂದರು. ನನ್ನ ಕೈ ಇದು: ಸ್ಪೇಡ್ 8 4, ಹಾರ್ಟ್ ಎಕ್ಕ 6 3, ಡೈಮಂಡ್ ರಾಜ 10 7 5 2, ಕ್ಲಬ್ 9 6 4. ಏನನ್ನಲಿ?

ಮಾವ: ಎರಡು ಡೈಮಂಡ್. ಇದರಲ್ಲಿ ತಲೆ ಕೆಡಿಸಿಕೊಳ್ಳೋದೇನಿದೆಯಮ್ಮ? ಏಳು ಪಾಯಿಂಟು, ನನ್ನ ಬಣ್ಣಕ್ಕೆ ಬೆಂಬಲ.

ಸೊಸೆ: ನನಗೆ ಮೂರು ಅನ್ನಬೇಕು ಅನಿಸುತ್ತೆ.

ಮಾವ: ಮೂರಾ! ನಾನು ಚಾರ್ಲ್ಸ್ ಗೋರೆನ್ ಪುಸ್ತಕ ಇಟ್ಟುಕೊಂಡು ಕಲಿತವನು. ಆ ಪದ್ಧತಿಯಲ್ಲಿ ಒಂದರಿಂದ ಮೂರಕ್ಕೆ ಹಾರಿದರೆ ಗೇಮ್ ಮುಟ್ಟುವ ತನಕ ಯಾರೂ ಪಾಸ್ ಅನ್ನೋ ಹಾಗಿರಲಿಲ್ಲ.

ಸೊಸೆ: ಈಗ ಅದು ತಲೆಕೆಳಗಾಗಿದೆ. ಎದುರಾಳಿ ಮಧ್ಯೆ ಬಾಯಿ ಹಾಕಿದ ಮೇಲೆ ಮೂರಕ್ಕೆ ಹಾರಿದರೆ ಅದು ಬಡ ಕೈ. ತುರುಪು ಉದ್ದ, ಪಾಯಿಂಟ್ ಇಲ್ಲ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಹತ್ತಿ ಕೂರೋದು ಆಮೇಲಿನ ಮಾತು, ಮೊದಲು ಜಾಗ ಹೋಗಬಾರದು.

ಮಾವ: ಜಾಗ ಯಾರದ್ದು ಹೋಗುತ್ತೆ ಅನ್ನೋದೇ ಪ್ರಶ್ನೆ. ಎರಡು ಡೈಮಂಡ್ ಅಂದರೆ ನಾಲ್ಕನೆಯವರಿಗೆ ಎರಡು ಹಾರ್ಟ್, ಎರಡು ಸ್ಪೇಡ್, ಡಬಲ್ ಎಲ್ಲ ಅಗ್ಗಕ್ಕೆ ಸಿಗುತ್ತೆ, ಒಪ್ಪಿದೆ. ಮೂರು ಅಂದರೆ ಅವರು ಮೂರರಲ್ಲೇ ಕುರುಡಾಗಿ ಶುರು ಮಾಡಬೇಕು, ಅದೂ ಸರಿ. ಆದರೆ ಅವರ ಕಣ್ಣಿಗೆ ಎರಚಿದ ಮಣ್ಣು ನನ್ನ ಕಣ್ಣಿಗೂ ಬೀಳುತ್ತಲ್ಲ? ಅವರು ಮೂರು ಸ್ಪೇಡ್ ಅಂದರು. ನನ್ನ ಹತ್ತಿರ 17 ಪಾಯಿಂಟಿದೆ. ನಿನ್ನ ಹತ್ತಿರ ಹಾರ್ಟ್ ಎಕ್ಕ ಇದೆಯೋ, ಬರೀ ಎಲೆಗಳಿವೆಯೋ ನನಗೆ ಹೇಗೆ ಗೊತ್ತಾಗಬೇಕು?

ಸೊಸೆ: ಎಕ್ಕ ಒಂದಕ್ಕೆ ಇಷ್ಟು ರಾದ್ಧಾಂತವೇ?

ಮಾವ: ಎಕ್ಕ ಇರೋದಕ್ಕೇ. ಅದು ನಮ್ಮ ತುರುಪಲ್ಲೂ ಒಂದು ಟ್ರಿಕ್, ಅವರ ತುರುಪಲ್ಲೂ ಒಂದು ಟ್ರಿಕ್. ನಿನ್ನ ಜಿಗಿತದ ಅರ್ಥ ‘ಅವರನ್ನು ಕೆಡವೋಕೆ ನನ್ನಿಂದ ಏನೂ ಆಗಲ್ಲ’ ಅಂತಾದರೆ ಈ ಕೈಯಲ್ಲಿ ಆ ಮಾತು ಸುಳ್ಳು. ನಿನ್ನ ಮೂರಕ್ಕೆ ತಕ್ಕ ಕೈ ಯಾವುದು ಹೇಳಲಾ? ಸ್ಪೇಡ್ 9, ಹಾರ್ಟ್ 8 7 4, ಡೈಮಂಡ್ ರಾಣಿ ಗುಲಾಮ 9 6 4, ಕ್ಲಬ್ 10 8 5 2. ಪೂರಾ ಮೂರು ಪಾಯಿಂಟು, ಅದೂ ನಮ್ಮ ಬಣ್ಣದಲ್ಲೇ. ಇದರಲ್ಲಿ ಮೂರು ಅನ್ನದೆ ಸುಮ್ಮನಿದ್ದರೆ ನಾನೇ ಬೈತೀನಿ.

ಸೊಸೆ: ಮೂರು ಪಾಯಿಂಟಿಗೆ ಜಿಗಿ, ಏಳಕ್ಕೆ ನಡಿ, ಅಲ್ವಾ? ನಿಮ್ಮ ಮಗನ ಜೊತೆ ರಮ್ಮಿ ಆಡುವಾಗ ಇಂಥ ತಲೆನೋವು ಇರಲಿಲ್ಲ.

ಮಾವ: ಅವನು ರಮ್ಮಿಯಲ್ಲೇ ಉಳಿದದ್ದು ಅದಕ್ಕೇ.

ಸೊಸೆ: ಆದರೆ ಏಳರ ಕೈಗೂ ನನ್ನ ಹತ್ತಿರ ಲೆಕ್ಕ ಇದೆ ಮಾವ. ಫ್ರಾನ್ಸಿನ ಜಾನ್-ರೆನೆ ವೆರ್ನ್ ಅಂತ ಒಬ್ಬರು 1960ರ ದಶಕದಲ್ಲಿ ಒಂದು ಸೂತ್ರ ಕೊಟ್ಟರು. 1969ರಲ್ಲಿ ಅಮೆರಿಕದ ‘ದಿ ಬ್ರಿಜ್ ವರ್ಲ್ಡ್’ ಪತ್ರಿಕೆಯಲ್ಲಿ ಬಂತು, 1992ರಲ್ಲಿ ಲ್ಯಾರಿ ಕೋಹೆನ್ ಪುಸ್ತಕ ಬರೆದ ಮೇಲೆ ಎಲ್ಲರ ಬಾಯಲ್ಲೂ ‘ಲಾ, ಲಾ’ ಅಂತಾಯಿತು. ನಮ್ಮಿಬ್ಬರ ಕೈಯಲ್ಲಿ ಸೇರಿ ನಮ್ಮ ಬಣ್ಣದ ಎಲೆ ಎಷ್ಟು, ಅವರಿಬ್ಬರ ಕೈಯಲ್ಲಿ ಅವರ ಬಣ್ಣದ ಎಲೆ ಎಷ್ಟು, ಎರಡನ್ನೂ ಕೂಡಿಸಿ. ನಾವು ನಮ್ಮ ತುರುಪಲ್ಲಿ ಆಡಿದರೆ ಬರುವ ಟ್ರಿಕ್ಕೂ, ಅವರು ಅವರ ತುರುಪಲ್ಲಿ ಆಡಿದರೆ ಬರುವ ಟ್ರಿಕ್ಕೂ ಕೂಡಿದರೆ ಹೆಚ್ಚುಕಡಿಮೆ ಅದೇ ಮೊತ್ತ.

ಮಾವ: ಗೊತ್ತು. ಅದನ್ನು ಒಪ್ಪದೆ ಮೈಕ್ ಲಾರೆನ್ಸ್, ಆಂಡರ್ಸ್ ವಿರ್ಗ್ರೆನ್ ಇಬ್ಬರೂ ಸೇರಿ 2004ರಲ್ಲಿ ಇನ್ನೊಂದು ಪುಸ್ತಕ ಬರೆದದ್ದೂ ಗೊತ್ತು. ಇರಲಿ, ನಿನ್ನ ಲೆಕ್ಕ ಹೇಳು.

ಸೊಸೆ: ನನ್ನ ಹತ್ತಿರ ಐದು ಡೈಮಂಡ್. ನಿಮ್ಮ ಹತ್ತಿರ ನಾಲ್ಕಾದರೂ ಇರುತ್ತೆ. ಒಂಬತ್ತಾಯಿತು. ಅವರಿಗೆ ಸ್ಪೇಡ್ ಎಂಟು ಅಂತಿಟ್ಟುಕೊಳ್ಳಿ. ಮೊತ್ತ 17. ಅವರು ಎರಡು ಸ್ಪೇಡ್ ಆಡಿ ಸರಿಯಾಗಿ 8 ಟ್ರಿಕ್ ಮಾಡೋ ಹಾಗಿದ್ದರೆ ಅವರಿಗೆ 110. ಆಗ ನಮಗೆ ಡೈಮಂಡಲ್ಲಿ 9, ಮೂರು ಡೈಮಂಡ್ ಗೆದ್ದು ನಮಗೆ 110. ಅವರಿಗೆ 9 ಬರೋ ಹಾಗಿದ್ದರೆ ಅವರಿಗೆ 140. ಆಗ ನಮಗೆ 8, ಒಂದು ಸೋಲು, ವಲ್ನರಬಲ್ ಅಲ್ಲದಿದ್ದರೆ ಬರೀ 50 ಕಳೆದುಕೊಳ್ತೀವಿ. ಹೇಗೆ ನೋಡಿದರೂ ಮೂರು ಡೈಮಂಡ್ ಲಾಭ.

ಮಾವ: ಲೆಕ್ಕ ಸರಿ. ಅದು ಹೇಳೋದು ‘ಅವರು ಎರಡು ಸ್ಪೇಡ್ ಅಂದರೆ ನಾವು ಮೂರು ಡೈಮಂಡಿಗೆ ಹೋಗಬೇಕು’ ಅಂತ. ಮೊದಲ ಏಟಿಗೇ ಹೋಗಬೇಕು ಅಂತ ಎಲ್ಲಿ ಹೇಳಿದೆ? ಈ ಕೈಯಲ್ಲಿ ಈಗ ಎರಡು ಅನ್ನು. ಅವರು ಎರಡು ಸ್ಪೇಡ್ ಅಂದು ಬಿಡ್ ತಿರುಗಿ ನಿನ್ನ ಹತ್ತಿರ ಬಂದಾಗ ಮೂರು ಅನ್ನು. ಆಗ ನನಗೆ ಪೂರ್ತಿ ಚಿತ್ರ ಸಿಗುತ್ತೆ: ಐದು ಡೈಮಂಡ್ ಇದೆ, ಬರಿಗೈಯಲ್ಲ. ಅದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಿ. ನೀನು ಮೊದಲೇ ಮೂರು ಅಂದೆ, ಅವರು ಮೂರು ಸ್ಪೇಡ್ ಅಂದರು, ನಾನು ನಿನ್ನ ಎಕ್ಕ ಕಾಣದೆ ನಾಲ್ಕು ಡೈಮಂಡ್ ಅಂದೆ. ಆಗೇನಾಯಿತು?

ಸೊಸೆ: ಮೊತ್ತ ಅದೇ 17. ಅವರಿಗೆ 8 ಆದರೆ ಮೂರು ಸ್ಪೇಡ್ ಒಂದು ಸೋಲುತ್ತಿತ್ತು. ನಮಗೆ 9, ನಾವೂ ಒಂದು ಸೋತೆವು. ಅವರಿಗೆ 9 ಆದರೆ ಅವರು ಗೆಲ್ಲುತ್ತಿದ್ದರು, 140. ನಮಗೆ 8, ಎರಡು ಸೋಲು, 100. ಡಬಲ್ ಮಾಡಿದರೆ 300.

ಮಾವ: ಒಂದು ಕಡೆ ಬರುತ್ತಿದ್ದ 50 ಬಿಟ್ಟು ನಾವೇ 50 ಕೊಟ್ಟೆವು. ಇನ್ನೊಂದು ಕಡೆ 140ರ ಬದಲು 300 ಕೊಡೋ ಅಪಾಯ. ಎರಡರ ಮೇಲೆ ಮೂರು ಅನ್ನೋದು ಬುದ್ಧಿ, ಮೂರರ ಮೇಲೆ ನಾಲ್ಕು ಅನ್ನೋದು ಸಾಮಾನ್ಯವಾಗಿ ಹಟ. ಮೈನರಿನ ಪಾಡೇ ಅದು. ಸ್ಪೇಡ್ ಇರೋವನು ಕೂತ ಮೆಟ್ಟಿಲಲ್ಲೇ ನಿನ್ನನ್ನು ಮೀರಿಸುತ್ತಾನೆ, ನೀನು ಅವನನ್ನು ಮೀರಿಸಬೇಕಾದರೆ ಮೆಟ್ಟಿಲು ಹತ್ತಬೇಕು. ನನಗೆ ಇರೋ ಒಂದೇ ರಕ್ಷಣೆ ಅಂದರೆ, ಅವರು ಮೂರು ಸ್ಪೇಡ್ ಅಂದಾಗ ಪಾಸ್, ಡಬಲ್, ನಾಲ್ಕು ಡೈಮಂಡ್ ಈ ಮೂರರಲ್ಲಿ ಯಾವುದು ಅಂತ ನಿನ್ನ ಮೊದಲ ಬಿಡ್ ನನಗೆ ಹೇಳಿರಬೇಕು. ನಾನು ಬಿಡ್ ಆರಿಸೋದೇ ಹಾಗೆ. ನನ್ನ ಕೈ ಎಷ್ಟು ಚೆನ್ನಾಗಿದೆ ಅಂತಲ್ಲ, ಮುಂದಿನ ಸುತ್ತಲ್ಲಿ ಪಾರ್ಟ್ನರ್ ಯಾವ ಪ್ರಶ್ನೆ ಎದುರಿಸುತ್ತಾನೆ, ಅದಕ್ಕೆ ಯಾವ ಮಾಹಿತಿ ಬೇಕು ಅಂತ.

ಸೊಸೆ: ವಲ್ನರಬಲ್ ಆಗಿದ್ದರೆ?

ಮಾವ: ಆಗ ಡಬಲ್ ಆಗಿ ಒಂದೇ ಒಂದು ಸೋತರೂ 200. ಅವರಿಗೆ ಸಿಗುತ್ತಿದ್ದ 110, 140 ಎಲ್ಲದಕ್ಕಿಂತ ಜಾಸ್ತಿ. ಮ್ಯಾಚ್‌ಪಾಯಿಂಟ್ ಟೂರ್ನಿಯಲ್ಲಿ ಅದೇ ಎಲೆಗಳನ್ನು ಎಲ್ಲ ಮೇಜಲ್ಲೂ ಆಡಿರ್ತಾರಲ್ಲ, ಆ 200 ಬರೆದ ಮೇಲೆ ಉಳಿದವರ ಅಂಕ ನೋಡೋ ಅಗತ್ಯ ಇಲ್ಲ, ತಳದಲ್ಲಿ ನೀನೇ. ಆಗ ನಿನ್ನ ಮೂರು ಪಾಯಿಂಟಿನ ಜಿಗಿತಕ್ಕೂ ನಾನು ಒಂದು ಒಂಟಿ ಎಲೆಯ ಬಣ್ಣ ಕೇಳ್ತೀನಿ.

ಸೊಸೆ: ಸರಿ, ಏಳರ ಕೈಗೆ ಎರಡು. ಒಪ್ಪಿದೆ, ಅರ್ಧ ಮನಸ್ಸಿಂದ. ಈಗ ಕ್ಲಬ್ಬಿಗೆ ಬನ್ನಿ. ನೀವು ಒಂದು ಕ್ಲಬ್, ಅವರು ಒಂದು ಹಾರ್ಟ್. ನನ್ನದು ಸ್ಪೇಡ್ ರಾಣಿ 7 4, ಹಾರ್ಟ್ ರಾಜ ಗುಲಾಮ 3, ಡೈಮಂಡ್ 9 6 3, ಕ್ಲಬ್ ರಾಜ 8 5 4. ಒಂಬತ್ತು ಪಾಯಿಂಟು, ನಾಲ್ಕು ಕ್ಲಬ್. ಎರಡು ಕ್ಲಬ್ ತಾನೇ?

ಮಾವ: ಅಲ್ಲ. ಒಂದು ನೋಟ್ರಂಪ್. ನಾವು ಮೇಜರ್ ತೆರೆಯೋಕೆ ಐದು ಎಲೆ ಬೇಕು ಅಂತ ಇಟ್ಟುಕೊಂಡಿದ್ದೀವಿ. ಅದರ ಬೆಲೆ ಕಟ್ಟೋದು ಕ್ಲಬ್. ಐದರ ಮೇಜರೂ ಇಲ್ಲ, ನಾಲ್ಕರ ಡೈಮಂಡೂ ಇಲ್ಲ ಅಂದರೆ ಮೂರೇ ಕ್ಲಬ್ ಇಟ್ಟುಕೊಂಡು ಒಂದು ಕ್ಲಬ್ ಅಂದಿರ್ತೀನಿ. ನಿನ್ನ ನಾಲ್ಕು ಸೇರಿ ಏಳಾಯಿತು, ಅವರಿಗೆ ಆರು! ಡೈಮಂಡಿಗೆ ಆ ಭಯ ಕಡಿಮೆ. ಎರಡೂ ಮೇಜರು ನಾಲ್ಕು ನಾಲ್ಕು, ಡೈಮಂಡ್ ಮೂರು, ಕ್ಲಬ್ ಎರಡು, ಈ ಒಂದು ಆಕಾರದಲ್ಲಿ ಮಾತ್ರ ನಾನು ಮೂರರ ಡೈಮಂಡ್ ತೆರೆಯೋದು. ಅದಕ್ಕೇ ಡೈಮಂಡಿಗೆ ನಾಲ್ಕು ಎಲೆಯ ಬೆಂಬಲ ಸಾಕು, ಕ್ಲಬ್ಬಿಗೆ ಐದಿದ್ದರೆ ಒಳ್ಳೇದು.

ಸೊಸೆ: ಐದಿಲ್ಲದಿದ್ದರೆ ಏರಿಸಲೇಬಾರದಾ?

ಮಾವ: ಏರಿಸು, ಕೈಯಲ್ಲಿ ಒಂದು ಒಂಟಿ ಎಲೆಯೋ ಎರಡೇ ಎಲೆಯ ಬಣ್ಣವೋ ಇದ್ದರೆ, ಅವರ ಬಣ್ಣಕ್ಕೆ ತಡೆ ಇಲ್ಲದಿದ್ದರೆ. ಇಲ್ಲಿ ನಿನ್ನ ಆಕಾರ ಚಪ್ಪಟೆ, ಹಾರ್ಟಿನ ರಾಜ-ಗುಲಾಮ ಹಾರ್ಟ್ ಅಂದವನ ಹಿಂದೆ ಕೂತಿದ್ದಾರೆ. ಅಂಥ ಎಲೆ ಕ್ಲಬ್ ತುರುಪಲ್ಲಿ ವ್ಯರ್ಥ, ನೋಟ್ರಂಪಲ್ಲಿ ಬಂಗಾರ. ಅಂಕ ನೋಡು: ಎರಡು ಕ್ಲಬ್ ಗೆದ್ದರೆ 90, ಒಂದು ನೋಟ್ರಂಪ್ ಗೆದ್ದರೂ 90, ಅದೂ ಒಂದು ಟ್ರಿಕ್ ಕಡಿಮೆಗೆ. ಎರಡರಲ್ಲೂ ಒಂದು ಹೆಚ್ಚು ಬಂದರೆ 110ಕ್ಕೆ ಎದುರು 120. ಆ ಹತ್ತು ಅಂಕದಿಂದ ಟೂರ್ನಿ ಗೆದ್ದವರಿದ್ದಾರೆ.

ಸೊಸೆ: ಈ ನೋಟ್ರಂಪಿನ ಹುಚ್ಚು ನಿಮಗೆ ಯಾವಾಗಲೂ ಇದ್ದದ್ದೇ.

ಮಾವ: ನನ್ನ ಹುಚ್ಚಲ್ಲಮ್ಮ, ಅಂಕ ಕೊಡೋ ರೀತಿ. ಕಾಂಟ್ರ್ಯಾಕ್ಟ್ ಬ್ರಿಜ್‌ನ ಲೆಕ್ಕ ಮೊದಲು ಕೂರಿಸಿದ್ದು ಹೆರಾಲ್ಡ್ ವಾಂಡರ್‌ಬಿಲ್ಟ್, 1925ರಲ್ಲಿ, ಪನಾಮಾ ಕಾಲುವೆ ಹಾದು ಹೋಗೋ ಹಡಗಿನಲ್ಲಿ ಕೂತು. ಅಂಕಿಗಳು ಆಮೇಲೆ ಅಲ್ಪಸ್ವಲ್ಪ ಬದಲಾದವು, ಮೈನರಿನ ಹಣೆಬರಹ ಬದಲಾಗಲಿಲ್ಲ. ಟ್ರಿಕ್ಕಿಗೆ ಇಪ್ಪತ್ತೇ. ಗೇಮಿಗೆ ನೂರು ಬೇಕು, ಅಂದರೆ ಐದು ಡೈಮಂಡ್, 11 ಟ್ರಿಕ್. ನೋಟ್ರಂಪಲ್ಲಿ ಮೊದಲನೇದಕ್ಕೆ 40, ಉಳಿದದ್ದಕ್ಕೆ 30. ಮೂರು ನೋಟ್ರಂಪ್, 9 ಟ್ರಿಕ್, ಮುಗಿಯಿತು. ಪಾರ್ಟ್ನರಿನ ಮೈನರ್ ಏರಿಸೋವಾಗ ಮನಸ್ಸಲ್ಲಿ ಎರಡೇ ಊರು ಇರಬೇಕು: ಒಂದು, ಮೂರು ನೋಟ್ರಂಪ್, ಇನ್ನೊಂದು, ಎರಡು-ಮೂರರ ಮೆಟ್ಟಿಲಿನ ಜಗಳ. ಐದು ಡೈಮಂಡ್ ಅನ್ನೋ ಊರಿಗೆ ಅಪರೂಪಕ್ಕೊಮ್ಮೆ ಹೋಗ್ತೀವಿ.

ಸೊಸೆ: ಮೂರು ನೋಟ್ರಂಪಿನ ಊರಿಗೆ ಯಾವ ಬಿಡ್? ನನ್ನ ಹತ್ತಿರ ಸ್ಪೇಡ್ 7 4, ಹಾರ್ಟ್ ಎಕ್ಕ 8 3, ಡೈಮಂಡ್ ರಾಜ ರಾಣಿ 7 5, ಕ್ಲಬ್ ರಾಜ 10 6 2. ಹನ್ನೆರಡು. ನೀವು ಒಂದು ಡೈಮಂಡ್, ಅವರು ಒಂದು ಸ್ಪೇಡ್.

ಮಾವ: ನೀನೇ ಹೇಳು.

ಸೊಸೆ: ಎರಡು ಸ್ಪೇಡ್. ಅವರ ಬಣ್ಣವನ್ನೇ ಹೇಳೋದು, ಕ್ಯೂ ಬಿಡ್. ಅರ್ಥ: ನಿಮ್ಮ ಡೈಮಂಡಿಗೆ ಬೆಂಬಲ ಇದೆ, ಹತ್ತಕ್ಕೆ ಕಡಿಮೆ ಇಲ್ಲ. ನನಗೆ ಇದರಲ್ಲಿ ಹಿಡಿಸೋದು ಏನು ಗೊತ್ತಾ? ಎದುರಾಳಿ ಮಧ್ಯೆ ಬಂದು ನಮ್ಮ ಜಾಗ ತಿಂದರು ಅಂತ ಎಲ್ಲರೂ ಗೊಣಗ್ತಾರೆ. ನಿಜವಾಗಿ ಅವರು ನಮಗೆ ಮುಂಚೆ ಇಲ್ಲದ ಎರಡು ಬಿಡ್ ಕೊಟ್ಟು ಹೋಗಿರ್ತಾರೆ, ಒಂದು ಡಬಲ್, ಇನ್ನೊಂದು ಅವರದೇ ಬಣ್ಣ. ಅವರು ಸುಮ್ಮನಿದ್ದರೆ ನಾವು ಇನ್ವರ್ಟೆಡ್ ಮೈನರ್ ಆಡ್ತೀವಿ, ಎರಡು ಡೈಮಂಡೇ ಬಲದ ಕೈ, ಮೂರು ಡೈಮಂಡ್ ಬಡ ಕೈ. ಅವರು ಬಾಯಿ ಬಿಟ್ಟ ತಕ್ಷಣ ಬಲದ ಕೈ ಕ್ಯೂ ಬಿಡ್‌ಗೆ ಹೋಯಿತು, ಎರಡು ಡೈಮಂಡ್ ಸಾದಾ ಕೈಗೆ ಖಾಲಿಯಾಯಿತು.

ಮಾವ: ಅದಕ್ಕೇ ಮಧ್ಯೆ ಯಾರಾದರೂ ಬಂದರೆ ಇನ್ವರ್ಟೆಡ್ ಬಂದ್ ಅಂತ ಹೆಚ್ಚಿನವರು ಇಟ್ಟುಕೊಳ್ಳೋದು. ಕಾಪ್ಲಾನ್-ಶೈನ್‌ವೋಲ್ಡ್ ಪದ್ಧತಿಯಿಂದ ಬಂದದ್ದು ಅದು. ನಾವೂ ಬಂದ್ ಮಾಡೋಣ. ಕ್ಯೂ ಬಿಡ್‌ನಲ್ಲಿ ಇನ್ನೊಂದು ಉಪಕಾರ ಇದೆ. ನನ್ನ ಹತ್ತಿರ ಸ್ಪೇಡ್ ರಾಜ ಮತ್ತೊಂದು ಚಿಕ್ಕೆಲೆ ಇದೆ ಅಂದುಕೋ. ನೋಟ್ರಂಪ್ ನಾನು ಮೊದಲು ಹೇಳಿದರೆ ಆಡೋದು ನಾನು, ಮೊದಲ ಎಲೆ ಇಳಿಸೋದು ನನ್ನ ಎಡಗಡೆಯವನು, ಸ್ಪೇಡ್ ಅಂದವನೇ. ಎಕ್ಕ-ರಾಣಿ ಹಿಡಿದು ನನ್ನ ರಾಜನ ಬಾಯಿಗೇ ಇಳಿಸಬೇಕು. ನೀನು ಹೇಳಿದ್ದರೆ ಅವನ ಪಾರ್ಟ್ನರ್ ಸ್ಪೇಡ್ ಇಳಿಸ್ತಾನೆ, ಮೇಜಿನ ಮೇಲೆ ಬಿಚ್ಚಿಟ್ಟ ನನ್ನ ರಾಜ ಮಧ್ಯೆ ಸಿಕ್ಕಿಬಿದ್ದು ಸಾಯ್ತಾನೆ. ಎರಡು ಸ್ಪೇಡ್ ಅಂದು ನೀನು ನೋಟ್ರಂಪನ್ನು ನನಗೆ ಬಿಟ್ಟುಕೊಡ್ತೀಯ. ಸ್ಪೇಡ್ ತಡೆ ನಿನ್ನ ಕೈಯಲ್ಲೇ ಗಟ್ಟಿಯಾಗಿದ್ದರೆ ಕ್ಯೂ ಬೇಡ, ನೀನೇ ಎರಡೋ ಮೂರೋ ನೋಟ್ರಂಪ್ ಅನ್ನು.

ಸೊಸೆ: ಕ್ಯೂ ಬಿಡ್‌ಗೆ ಖರ್ಚೂ ಇದೆ. ನಾಲ್ಕನೆಯವರು ಅದನ್ನು ಡಬಲ್ ಮಾಡಿ ‘ನನಗೂ ಸ್ಪೇಡ್ ಇದೆ’ ಅಂತ ಪುಕ್ಕಟೆ ಹೇಳಿಬಿಡ್ತಾರೆ.

ಮಾವ: ಹೇಳಲಿ. ಅರ್ಧಕ್ಕಿಂತ ಜಾಸ್ತಿ ಪಾಯಿಂಟ್ ನಮ್ಮ ಕಡೆ ಇದೆ ಅಂತ ಆಗಲೇ ನನಗೆ ಗೊತ್ತಿರುತ್ತೆ. ಅವರು ಮೂರು ಸ್ಪೇಡಿಗೆ ಹೋದರೆ ಡಬಲ್ ಮಾಡೋ ಧೈರ್ಯ ಅದರಿಂದಲೇ ಬರೋದು.

ಸೊಸೆ: ಇದೇ ಕೈಯಲ್ಲಿ ಹಾರ್ಟ್ ನಾಲ್ಕಿದ್ದಿದ್ದರೆ?

ಮಾವ: ಮೊದಲು ಡಬಲ್. ಡೈಮಂಡ್ ಎಷ್ಟೇ ಚೆನ್ನಾಗಿರಲಿ, ನಾಲ್ಕು ಹಾರ್ಟ್ ಇದ್ದರೆ ಅದನ್ನು ಹೂತುಹಾಕಬಾರದು. ಹತ್ತೇ ಟ್ರಿಕ್ಕಿಗೆ ಗೇಮ್ ಸಿಗೋ ಬಣ್ಣ ಅದು. ಆಲ್ವಿನ್ ರಾತ್ ಈ ನೆಗೆಟಿವ್ ಡಬಲ್ ತಂದದ್ದು 1957ರಲ್ಲಿ, ರಷ್ಯದವರು ಸ್ಪುಟ್ನಿಕ್ ಹಾರಿಸಿದ ವರ್ಷ. ಯುರೋಪಿನಲ್ಲಿ ಅದಕ್ಕೆ ಸ್ಪುಟ್ನಿಕ್ ಡಬಲ್ ಅಂತಲೇ ಹೆಸರು ನಿಂತಿತು. ಅಲ್ಲಿಯವರೆಗೆ ಇಂಥ ಡಬಲ್ ಅಂದರೆ ‘ಕೆಡವುತ್ತೀನಿ’ ಅಂತಲೇ ಅರ್ಥ. ವರ್ಷದಲ್ಲಿ ಎಷ್ಟು ಸಲ ಅಂಥ ಕೈ ಬರುತ್ತಿತ್ತೋ!

ಸೊಸೆ: ಇನ್ನು ಅವರು ಸ್ಪೇಡ್ ಅನ್ನದೆ, ಪಾರ್ಟ್ನರಿನ ಬಣ್ಣ ಕೇಳೋ ಟೇಕ್‌ಔಟ್ ಡಬಲ್ ಮಾಡಿದರೆ? ಆಗ ಕ್ಯೂ ಮಾಡೋಕೆ ಬಣ್ಣವೇ ಇಲ್ಲ. ಮೇಜರಿಗಾದರೆ ಎರಡು ನೋಟ್ರಂಪ್ ಅಂದು ಹತ್ತರ ಮೇಲಿನ ಬೆಂಬಲ ತೋರಿಸ್ತೀವಿ, ಜಾರ್ಡನ್ ಅಂತಾರಲ್ಲ ಅದು. ಮೈನರಿಗೂ ಅದೇ ಇಡೋಣವಾ?

ಮಾವ: ಅದೇ ಇಡೋಣ, ನೆನಪಿಡೋಕೆ ಸುಲಭ.

ಸೊಸೆ: ಬೇಡ. ಈಗ ತಾನೇ ನೀವೇ ಹೇಳಿದಿರಿ, ನೋಟ್ರಂಪ್ ನಿಮಗೆ ಬಿಡಬೇಕು ಅಂತ. ಡಬಲ್ ಮಾಡಿದವರು ನಿಮ್ಮ ಎಡಗಡೆ, ಬಲ ಎಲ್ಲ ಅವರ ಕೈಯಲ್ಲಿ. ನಾನು ಹತ್ತು-ಹನ್ನೊಂದು ಇಟ್ಟುಕೊಂಡು ಎರಡು ನೋಟ್ರಂಪ್ ಅಂದರೆ, ಮುಂದೆ ಮೂರು ನೋಟ್ರಂಪ್ ಆದಾಗ ಆಡೋದು ನಾನು, ಮೊದಲ ಎಲೆ ಬರೋದು ಅವರ ಬಡ ಪಾರ್ಟ್ನರ್ ಕಡೆಯಿಂದ, ನಿಮ್ಮ ರಾಜರನ್ನೆಲ್ಲ ಸೀಳಿಕೊಂಡು. ಎರಡನ್ನೂ ಅದಲುಬದಲು ಮಾಡೋಣ. ಮೂರು ಡೈಮಂಡ್ ಅಂದರೆ ಹತ್ತು-ಹನ್ನೊಂದರ ಕೈ. ಎರಡು ನೋಟ್ರಂಪ್ ಅಂದರೆ ಬಡ ಕೈ, ಐದು ಡೈಮಂಡ್. ನೀವು ಮೂರು ಡೈಮಂಡ್ ಅಂದು ಮುಗಿಸ್ತೀರಿ, ನೋಟ್ರಂಪಿನ ಮಾತು ಬರೋದೇ ಅಪರೂಪ. ಫ್ಲಿಪ್-ಫ್ಲಾಪ್ ಅಂತಲೇ ಇದರ ಹೆಸರು.

ಮಾವ: ಒಂದು ಸ್ಪೇಡ್ ಅಂದರೆ ಮೂರು ಡೈಮಂಡ್ ಬಡವ, ಡಬಲ್ ಅಂದರೆ ಮೂರು ಡೈಮಂಡ್ ಸಾಹುಕಾರ. ರಾತ್ರಿ ಹತ್ತಕ್ಕೆ, ಕೊನೆಯ ಬೋರ್ಡಿಗೆ, ನನಗಿದು ನೆನಪಿರುತ್ತಾ?

ಸೊಸೆ: ನಿಮಗೆ ಹಳೇ ಬೋರ್ಡುಗಳ ಒಂದೊಂದು ಎಲೆಯೂ ನೆನಪಿದೆ.

ಮಾವ: ನಡೆದದ್ದು ನೆನಪಿರುತ್ತಮ್ಮ, ಒಪ್ಪಿಕೊಂಡದ್ದು ನೆನಪಿರಲ್ಲ. ಇರಲಿ, ವಾದ ಸರಿಯಾಗಿದೆ, ಕನ್ವೆನ್ಷನ್ ಕಾರ್ಡಲ್ಲಿ ಬರಿ. ಎದುರಾಳಿ ಕೇಳಿದರೆ ಸ್ಪಷ್ಟವಾಗಿ ಹೇಳೋಕೂ ಬರಬೇಕು. ಡಬಲ್ ಆದ ಮೇಲೆ ಒಂದೇ ಮೆಟ್ಟಿಲು ಏರಿಸೋದು, ಎರಡು ಡೈಮಂಡ್, ಅದನ್ನು ಸ್ವಲ್ಪ ಸಡಿಲ ಬಿಡೋಣ. ನಾಲ್ಕು ಡೈಮಂಡ್, ಐದು ಪಾಯಿಂಟು, ಆದರೂ ಅನ್ನು. ನಾಲ್ಕನೆಯವನು ಸುಲಭವಾಗಿ ಒಂದು ಹಾರ್ಟ್ ಅನ್ನೋ ಹಾಗಿರಬಾರದು.

ಸೊಸೆ: ನೋಡಿ, ಟವೆಲ್ ಎಸೆಯೋಕೆ ನೀವೂ ಶುರು ಮಾಡಿದಿರಿ.

ಮಾವ: ಎರಡರಲ್ಲಿ ಎಸೆದರೆ ನಷ್ಟ ಕಡಿಮೆ.

ಸೊಸೆ: ಕೊನೇದು. ನೀವು ಒಂದು ಡೈಮಂಡ್, ಅವರು ಹಾರಿ ಎರಡು ಸ್ಪೇಡ್. ಅವರದ್ದು ಆರು ಸ್ಪೇಡಿನ ಬಡ ಕೈ. ಇಲ್ಲಿ ನನ್ನ ಮೂರು ಡೈಮಂಡ್ ಅಂದರೇನು?

ಮಾವ: ಬಡ ಕೈ ಮಾತ್ರ ಅಲ್ಲ. ಜಾಗವನ್ನು ಅವರೇ ತಿಂದಾಗಿದೆ, ನಾವು ಇನ್ನೇನು ತಡೆಯೋದಿದೆ? ಇಲ್ಲಿ ಮೂರು ಅಂದರೆ ನಿಜವಾದ ಬೆಂಬಲ, ನಿಜವಾದ ಪಾಯಿಂಟು. ಗೇಮ್ ಬಲ ಇದ್ದರೆ ಮೂರು ಸ್ಪೇಡ್ ಕ್ಯೂ, ನನ್ನ ಹತ್ತಿರ ತಡೆ ಇದ್ದರೆ ಮೂರು ನೋಟ್ರಂಪ್ ಅಂತೀನಿ.

ಸೊಸೆ: ಹತ್ತು-ಹನ್ನೊಂದು ಇದ್ದರೆ? ಮೂರು ಡೈಮಂಡ್ ಅಂದರೆ ಕಡಿಮೆ ಹೇಳಿದ ಹಾಗೆ, ಮೂರು ಸ್ಪೇಡ್ ಅಂದರೆ ಮೂರು ಡೈಮಂಡ್ ದಾಟಿಹೋದ ಹಾಗೆ.

ಮಾವ: ಅಲ್ಲೇ ಅವರ ಜಿಗಿತ ಕೆಲಸ ಮಾಡಿರೋದು. ಅದಕ್ಕೆ ಪೂರಾ ಮದ್ದಿಲ್ಲ. ಎಕ್ಕ-ರಾಜರ ಹನ್ನೊಂದಾದರೆ ಮೂರು ಸ್ಪೇಡಿಗೆ ಏರು. ರಾಣಿ-ಗುಲಾಮರನ್ನು ಕೂಡಿಸಿ ಬಂದ ಹನ್ನೊಂದಾದರೆ ಮೂರು ಡೈಮಂಡಲ್ಲೇ ಇರು.

ಸೊಸೆ: ಹಾಗಾದರೆ ನಾನು ಮೂರು ಡೈಮಂಡ್ ಅಂದಾಗ ನೀವು 16 ಇಟ್ಟುಕೊಂಡು ಪಾಸ್ ಅನ್ನಬಾರದು.

ಮಾವ: ಸ್ಪೇಡಿಗೆ ತಡೆ ಇದ್ದರೆ ಅನ್ನಲ್ಲ, ಮೂರು ನೋಟ್ರಂಪಿಗೆ ಹೋಗ್ತೀನಿ. ಆದರೆ ನೀನು ಐದು ಪಾಯಿಂಟಿಗೆ ಮೂರು ಅಂದಿರಬಾರದು. ಕಡಿಮೆ ಅಂದರೆ ಎಂಟು.

ಸೊಸೆ: ಐದು ಡೈಮಂಡ್, ಒಂಟಿ ಸ್ಪೇಡ್ ಇದ್ದರೆ ಆರು.

ಮಾವ: ಏಳು.

ಸೊಸೆ: ಏಳು. ಬರೆದೆ.